ಗೆಜ್ಜೆ ಹೊಲಿದ ಕೈ

ಮಾರ್ಚ್ ೪, ಸೋಮವಾರ

ಇಂದು ಉಪವಾಸ. ಎದ್ದು ಅಂಗಳ ಗುಡಿಸಿದೆ, ನೀರು ತುಂಬಿದೆ, ದೇವರಿಗೆ ದೀಪ ಹಚ್ಚಿದೆ. ಆಮೇಲೆ ಗೆಜ್ಜೆಪಟ್ಟಿಗೆ ತೊಗಲು ಕತ್ತರಿಸಲು ಕುಳಿತೆ. ಈ ಸಲ ಅಂಗಡಿಗಲ್ಲ, ಮಗಳಿಗೆ. ಮುಂದಿನ ತಿಂಗಳು ಅವಳದು ಮೊದಲ ಸ್ಟೇಜು. ಅವಳ ಡ್ಯಾನ್ಸ್ ಕ್ಲಾಸಿನ ಮಕ್ಕಳೆಲ್ಲ ಕಟ್ಟುವುದು ನಾನು ಹೊಲಿದ ಗೆಜ್ಜೆಯನ್ನೇ. ಆದರೆ ಹೋಗುವುದು ಅಂಗಡಿಯಣ್ಣನ ಡಬ್ಬಿಯಲ್ಲಿ. ಯಾರ ಕೈಯದೆಂದು ಯಾರೂ ಕೇಳುವುದಿಲ್ಲ.

ಇವರು ರೇಗಿಸಿದರು: "ಏನೇ, ಗೆಜ್ಜೆ ಜೊತೆ ನೀನೂ ಕುಣಿಯೋ ಹಾಗಿದೆಯಲ್ಲ!"

"ನಿಮ್ಮನ್ನ ಕಟ್ಕೊಂಡ ಮೇಲೆ ಕುಣಿದಿದ್ದು ಸಾಲದಾ?" ಅಂದೆ.

ಮಾರ್ಚ್ ೮, ಸಂಜೆ

ಗೆಜ್ಜೆ ಮುಗಿಯಿತು. ಮನೆದೇವರ ಮುಂದಿಟ್ಟು, ಕುಂಕುಮ ಹಚ್ಚಿ, ಕಣ್ಣಿಗೊತ್ತಿಕೊಂಡು ನಾನೇ ಕ್ಲಾಸಿಗೆ ಒಯ್ದೆ. ಟೀಚರಮ್ಮ ಎರಡೂ ಕೈಯಲ್ಲಿ ಹಿಡಿದು ಅಲುಗಿಸಿದರು.

"ಅಬ್ಬಾ, ಎಷ್ಟು ಚೊಕ್ಕವಾಗಿದೆ! ಯಾವ ಅಂಗಡೀದು?"

"ಅಂಗಡೀದಲ್ಲ ಟೀಚರಮ್ಮ, ನಾನೇ ಹೊಲಿದಿದ್ದು. ತೊಗಲಿನ ಕೆಲಸ, ಮುತ್ತಾತನ ಕಾಲದಿಂದ ನಮ್ಮ ಕಸುಬು. ಪೂಜೆನೂ ಮಾಡಿ ತಂದಿದೀನಿ."

ಅವರ ಕೈ ನಿಂತಿತು. "ಪೂಜೆ... ನಿಮ್ಮ ಮನೇಲಾ?"

"ಹೂಂ."

ಗೆಜ್ಜೆಯನ್ನು ಮೆಲ್ಲಗೆ ನೆಲದ ಮೇಲಿಟ್ಟರು. "ಅದು ಗುರು ಕೈಯಿಂದ ಆಗ್ಬೇಕಾದ್ದಮ್ಮ. ಈಗ ಶುದ್ಧ ಮಾಡ್ಬೇಕಾಗುತ್ತೆ. ಇರಲಿ, ನೋಡೋಣ." ಒಳಗೆ ಹೋಗಿ ಕೈ ತೊಳೆದು ಬಂದರು. ಸೋಪಿನ ವಾಸನೆ ನನ್ನವರೆಗೂ ಬಂತು. ಅವರ ಕಾಲಲ್ಲಿದ್ದ ಗೆಜ್ಜೆಯೂ ನಾನು ಹೊಲಿದದ್ದೇ.

ಬಾಗಿಲಲ್ಲಿ ಯಾವುದೋ ಮಗುವಿನ ತಾಯಿ ಇನ್ನೊಬ್ಬಳಿಗೆ ಅಂದಳು — "ಸೇರಿಸ್ಕೊಳ್ಳೋವಾಗ್ಲೇ ಜಾತಿ ಕೇಳ್ಬಾರ್ದಿತ್ತಾ?"

ಮಗಳಿಗೂ ಕೇಳಿಸಿತು.

ಮಾರ್ಚ್ ೧೩

ಮಗಳನ್ನು ಮುಂದಿನ ಸಾಲಿನಿಂದ ಹಿಂದಕ್ಕೆ ಹಾಕಿದ್ದಾರೆ. "ನಾನು ಎತ್ತರ ಅಂತೆ ಅಮ್ಮಾ." ಹೋದ ವಾರವೂ ಅಷ್ಟೇ ಎತ್ತರವಿದ್ದಳು. ನಮಸ್ಕಾರಕ್ಕೆ ಬಗ್ಗಿದರೆ ಟೀಚರಮ್ಮ ಕಾಲು ಹಿಂದಕ್ಕೆ ಎಳೆದುಕೊಂಡರಂತೆ. ಗೆಜ್ಜೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ವಾಪಸು ತಂದಳು.

ದೇವರ ಮುಂದೆ ಇಟ್ಟೆ. ಬೇರೆಲ್ಲಿ ಇಡಲಿ?

ಮಾರ್ಚ್ ೨೫, ಸೋಮವಾರ

ಉಪವಾಸ. ಇಂದು ಮಗಳೂ ಉಂಡಿಲ್ಲ.

ಅಂಗಡಿಯಣ್ಣ ಟೀಚರಮ್ಮನ ಮಾತು ತಂದ. "ಈ ವರ್ಷ ಇವಳು ಸ್ಟೇಜ್ ಮೇಲೆ ಬೇಡ್ವಂತೆ ಅಕ್ಕ, ಇನ್ನೂ ಪಳಗ್ಬೇಕಂತೆ. ಪರದೆ ಹಿಂದೆ ನಿಂತು ಬೇರೆ ಮಕ್ಕಳಿಗೆ ಗೆಜ್ಜೆ ಕಟ್ಟಲಿ ಅಂದ್ರು. ಮತ್ತೆ... ಎಲ್ರಿಗೂ ಹೊಸ ಗೆಜ್ಜೆ ಬೇಕಂತೆ, ನೀನು ಹೊಲಿದಿದ್ದೇ. ಆದ್ರೆ ನನ್ ಅಂಗಡಿಯಿಂದ ಬರಲಿ ಅಂದ್ರು. ಆಗುತ್ತೋ ಇಲ್ವೋ ಅಂತ ಒಂದು ಚೀಟಿ ಬರೆದುಕೊಡು."

ಇವರು ಸಿಡಿದರು. "ಹೊಲಿಗೆ ಬೇಕು, ಹೊಲಿದೋಳು ಬೇಡ್ವಾ?"

"ನನ್ ಮೇಲ್ಯಾಕಣ್ಣ ಕೂಗಾಡ್ತೀಯ? ಹೇಳಿ ಕಳಿಸಿದ್ದನ್ನ ಹೇಳ್ದೆ," ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟ.

ಆಗದು ಎಂದು ಬರೆಯಲು ಕುಳಿತೆ. ಮಗಳು ನನ್ನ ಕೈ ಹಿಡಿದಳು. "ಹೂಂ ಅಂತ ಬರಿಯಮ್ಮಾ. ಒಳಗಾದ್ರೂ ಇರ್ತೀನಿ. ಪರದೆ ಸಂದೀಲಿ ನೋಡ್ಕೊಂಡು ಕಲೀತೀನಿ."

ಇವರು ಎದ್ದು ಹೊರಗೆ ಹೋದರು. ನಾನು ದೇವರ ಕಡೆ ನೋಡಿದೆ.

ಮಾರ್ಚ್ ೨೬, ಬೆಳಿಗ್ಗೆ

ಬರೆದೆ. "ಆಗಲಿ." ಅಷ್ಟೇ.

ಒಯ್ದು ಕೊಡಲು ನನಗೆ ಕಾಲೇಳುವುದಿಲ್ಲ. ಮಗಳ ಕೈಯಲ್ಲಿ ಕಳಿಸಲಾರೆ. ಹೊಸಿಲಾಚೆ, ಚೀಟಿಯನ್ನು ನೆಲದ ಮೇಲಿಟ್ಟು ಕಲ್ಲು ಹೇರಿದ್ದೇನೆ. ಅಂಗಡಿಯಣ್ಣನೋ ಮತ್ಯಾರೋ ಬಂದು ಎತ್ತಿಕೊಂಡು ಹೋಗಲಿ ದೇವರೇ, ಬೇಗ — ನನ್ನ ಕೈ ಅದನ್ನು ಹರಿಯುವುದರೊಳಗೆ...