ಕೆರೆಸಿಹಾಕಿದ ಪಟ

ಮೇಲ್ದಂಡೆ,
ಮೂರನೆಯ ಶ್ರಾವಣ, ಹಿನ್ನೀರು ಶಕೆ ೩೧೨

ಹಿಂದಿನ ಕಾಲದ ಹಿರಿಯರಿಗೆ ಪಟಗಾರ್ತಿ ಚನ್ನಾಂಬೆಯ ನಮಸ್ಕಾರ.

ಇಂಥ ತಿಂಗಳು ನಿಮ್ಮ ಪಂಚಾಂಗದಲ್ಲಿಲ್ಲ, ಗೊತ್ತು. ನನ್ನ ಮಾತೂ ನಿಮಗೆ ವಿಚಿತ್ರವಾಗಿ ಕೇಳಬಹುದು, ಹೊಟ್ಟೆಗೆ ಹಾಕಿಕೊಳ್ಳಿ. ನೀವು ಗೇಮ್ ಥಿಯರಿ ಎನ್ನುತ್ತಿದ್ದುದು ನಮಗೆ ನಡೆಲೆಕ್ಕ: ಎದುರಿನವರು ಏನು ಮಾಡಿಯಾರು, ಆಗ ನಾವೇನು ಮಾಡಬೇಕು ಎಂಬ ಲೆಕ್ಕ. ನಮ್ಮ ಮಾತು ನಮಗಿಂತ ಕೆಳಗಿನ ಊರಾದ ಕೆಳದಂಡೆಯವರಿಗೆ ತಿಳಿಯದು, ಅವರದು ನಮಗೆ ತಿಳಿಯದು. ಆದ್ದರಿಂದ ಅದನ್ನು ತೂಬಿನ ಗೋಡೆಯ ಮೇಲೆ ಚಿತ್ರಗಳಲ್ಲಿ ಬರೆಯುತ್ತೇವೆ. ಆ ಚಿತ್ರವೇ ಪಟ, ಅದೇ ನನ್ನ ಕಸುಬು.

ನಾವು ನೀರು ಬಿಡಬೇಕು, ಅವರು ತಮ್ಮ ಗಾಳಿಕಂಬಗಳಿಂದ ಕರೆಂಟ್ ಕೊಡಬೇಕು. ಮೊದಲ ಪಟದಲ್ಲಿ ಎರಡೂ ಕಡೆ ಬಿಚ್ಚಿದ ಅಂಗೈ: ಕೊಡುವುದರಿಂದ ಶುರುಮಾಡು. ಎರಡನೆಯದರಲ್ಲಿ ಅಂಗೈಗೆ ಅಂಗೈ, ಮುಷ್ಟಿಗೆ ಮುಷ್ಟಿ: ಕೊಟ್ಟರೆ ಕೊಡು, ತಡೆದರೆ ತಡೆ. ಮೂರನೆಯದರಲ್ಲಿ ಆಚೆ ಮುಷ್ಟಿ, ಈಚೆ ಅಂಗೈ: ಒಮ್ಮೊಮ್ಮೆ ಬಿಟ್ಟುಬಿಡು, ಅವರದು ಕೈತಪ್ಪೂ ಆಗಿರಬಹುದು. ಬಣ್ಣ ಆರುವ ಮೊದಲೇ ನಮ್ಮ ಪಂಚರ ಹಿರಿಯ ನಿಂಗಣ್ಣ ಅದನ್ನು ಕೆರೆಸಿಹಾಕಿದ. “ಇದನ್ನ ನೋಡಿದ್ರ ನಮ್ಮನ್ನ ಮೆತ್ತಗಿನ ಮಂದಿ ಅಂದ್ಕೋತಾರವ್ವ. ಎರಡು ಸಾಕು” ಎಂದ.

ಆ ಎರಡನ್ನು ಎರಡೂ ದಂಡೆಯವರು ಚೆನ್ನಾಗಿ ಕಲಿತರು, ಅದೇ ಕೇಡಾಯಿತು. ಬೇಸಿಗೆಯಲ್ಲಿ ಹೂಳು ಸಿಕ್ಕಿ ತೂಬು ಏಳಲಿಲ್ಲ. ಅವರ ಕಣ್ಣಿಗೆ ಅದು ಮುಷ್ಟಿ, ಕರೆಂಟ್ ನಿಲ್ಲಿಸಿದರು. ಹೂಳು ತೆಗೆದ ಮೇಲೂ ಕರೆಂಟ್ ಇಲ್ಲವೆಂದು ನಾವು ನೀರು ಬಿಡಲಿಲ್ಲ. ಇವತ್ತಿಗೂ ಅದೇ ಹಟ. ಒಮ್ಮೆ ಬಿಟ್ಟುಕೊಡಿ ಎಂದು ಪಂಚರಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ. ಬಾಯಿ ತೆರೆದರೆ ಗೋಡೆ ತೋರಿಸುತ್ತಾರೆ, ನಾನೇ ಬರೆದ ಗೋಡೆಯನ್ನು ನನಗೇ.

ಮಗಳು ಸಿರಿದೇವಿಯನ್ನು ಕೆಳದಂಡೆಗೆ ಕೊಟ್ಟಿದ್ದೇನೆ. ಹಸಿ ಬಾಣಂತಿ, ಕೂಸಿಗೆ ಎರೆಯಲು ನೀರಿಲ್ಲ. ಉಪ್ಪು ಮಾರುವವನ ಕೈಯಲ್ಲಿ ಹೇಳಿಕಳಿಸಿದ್ದಾಳೆ: “ನಿನ್ನ ಚಿತ್ರಕ್ಕ ಬೆಂಕಿ ಹಾಕವ್ವಾ, ಮೊದ್ಲ ನೀರು ಬಿಡ್ಸು.”

ನಿಮ್ಮ ಮೇಲೂ ನನಗೆ ಸಿಟ್ಟಿದೆ. ಬಿಟ್ಟುಕೊಡುವುದೂ ಲೆಕ್ಕದ ಒಳಗಿನದೇ ಎಂದು ನಿಮಗೆ ಗೊತ್ತಿತ್ತು. ಆದರೂ ಅದನ್ನು ಪಂಡಿತರ ಕೋಷ್ಟಕಗಳಲ್ಲೇ ಬಿಟ್ಟಿರಿ. ಮಕ್ಕಳ ಕಣ್ಣಿಗೆ ಬೀಳುವ ಹಾಗೆ ಬಿಡಿಸಿಟ್ಟಿದ್ದರೆ ನಿಂಗಣ್ಣನೂ ಅದನ್ನು ನೋಡುತ್ತಲೇ ಬೆಳೆಯುತ್ತಿದ್ದ. ಈಗಲಾದರೂ ಬಿಡಿಸಿ, ನಿಮ್ಮ ಶಾಲೆಗಳ ಗೋಡೆಗೆ ಹಾಕಿ.

ನಾಳೆ ನೀರು ಬಿಡುವ ಪಾಳಿ ನಮ್ಮದು. ಆ ಮೂರನೆಯ ಪಟವನ್ನು ಮತ್ತೆ ಬರೆಯಕೂಡದೆಂದು ಪಂಚರು ಕಟ್ಟುಮಾಡಿದ್ದಾರೆ. ಬರೆಯುವುದಿಲ್ಲ. ಬೆಳಗಾದೊಡನೆ ತೂಬಿನ ಮೇಲೆ ಹತ್ತಿ ನಾನೇ ಅದರ ಬಾಗಿಲನ್ನು ಎತ್ತಿ ನೀರು ಬಿಡುತ್ತೇನೆ. ಊರಿನಿಂದ ಹೊರಗೆ ಹಾಕುತ್ತಾರೆ, ಹಾಕಲಿ. ನೀರು ಹೋದ ದಾರಿಯಲ್ಲೇ ಮಗಳ ಮನೆಗೆ ನಡೆಯುತ್ತೇನೆ.