ಜಲಾಶಯದ ತಳದಲ್ಲಿ ನಮ್ಮ ಅಡುಗೆಮನೆ

ಬೋರ್ಡೋದ ಲಿಯೊನಿ ಅಕ್ಕನಿಗೆ,

ಈ ಕಾರ್ಡಿನ ಚಿತ್ರದಲ್ಲಿ ನೀಲಿ ನೀರು ಕಾಣುತ್ತಿದೆಯಲ್ಲ, ಅದರ ತಳದಲ್ಲಿ, ನಮ್ಮ ಹಳೆಯ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅಣೆಕಟ್ಟಿನ ತಪಾಸಣೆಗೆಂದು ಜಲಾಶಯ ಖಾಲಿ ಮಾಡಿದ್ದಾರೆ. ಇಪ್ಪತ್ತೆಂಟು ವರ್ಷ ಮುಳುಗಿದ್ದ ಊರು ಮಂಜಿನಲ್ಲಿ ಬೂದುಬಣ್ಣವಾಗಿ ಎದ್ದಿದೆ. ಇಗರ್ಜಿಯ ಮೆಟ್ಟಿಲ ಮೇಲೆ ಕೊಕ್ಕರೆಯೊಂದು ಪಾದ್ರಿಯ ಹಾಗೆ ನಿಂತಿದೆ.

ಮೊಣಕಾಲೆತ್ತರ ಉಳಿದ ಗೋಡೆಯನ್ನು ಹಿಂದೆ ಕಿಟಕಿಯಿದ್ದ ಕಡೆ ನಾನು ದಾಟಿದ್ದಕ್ಕೆ ಅಮ್ಮ ಗದರಿದಳು: "ಕಿಟಕಿಯಿಂದ ನುಗ್ತೀಯಲ್ಲೇ, ಕಳ್ಳಿ! ಬಾಗಿಲು ಮರ್ತೇಹೋಯ್ತಾ?" ತಾನು ಬಾಗಿಲಿದ್ದ ಕಡೆಗೆ ಸುತ್ತಿ ಹೋಗಿ ಒಳಗೆ ಬಂದು, ಒಲೆಯ ಕಲ್ಲಿನ ಮೇಲೆ ಕೂತಳು.

ಆಗ ಪಕ್ಕದ ಮನೆಯ ಆಲ್ಸೀದ್ ಬಂದ. ಅಣೆಕಟ್ಟಿಗಾಗಿ ಊರು ಬಿಟ್ಟುಕೊಡುವ ಕಾಗದಕ್ಕೆ ಎಲ್ಲರಿಗಿಂತ ಮೊದಲು ಸಹಿ ಹಾಕಿದನಲ್ಲ, ಅಂದಿನಿಂದ ಅಮ್ಮ ಅವನೊಡನೆ ಮಾತಾಡಿಲ್ಲ. ಕಂಕುಳಲ್ಲಿ ಅಕ್ರೋಟಿನ ವೈನ್ ಬಾಟಲಿ. ಹೊಸ್ತಿಲಾಚೆ ಟೋಪಿ ತೆಗೆದು ಅಮ್ಮನಿಗೆ, "ಮಾರ್ಸಲೀನ್, ಒಳಗೆ ಬರ್ಲಾ?" ಎಂದ.

ಅಮ್ಮನ ಕೆಮ್ಮು ವಾಸಿಯಾಗಿದೆ, ಔಷಧಿ ಕಳಿಸಬೇಡ. ನಾಳೆ ತೂಬು ಮುಚ್ಚುತ್ತಾರೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ಇಷ್ಟು ಮಾತ್ರ ಹೇಳಿಬಿಡುತ್ತೇನೆ: ಅಮ್ಮ ಅವನ ಬೂಟುಗಳನ್ನು ನೋಡಿದಳು. ಆಮೇಲೆ, ಊರಿಡೀ ಕೆಸರಾಗಿರುವಾಗ, "ಕಾಲು ಒರೆಸ್ಕೊಂಡು ಬಾರೋ" ಅಂದಳು.

ನಿನ್ನ ತಂಗಿ
ಓದೆತ್