ದೀಕ್ಷಾಸ್ನಾನದ ಪುಟ ಕಪ್ಪಾದದ್ದು

ರುವಾನ್,
ಸಂತ ಮಾರ್ಟಿನರ ಹಬ್ಬದ ಮಾರನೆಯ ದಿನ, 1403

ಜೆರ್ವೆಯವರಿಗೆ,

ಊರವರು ಇನ್ನೂ ನಿಮ್ಮ ಹೆಂಡತಿ ಎಂದೇ ಕರೆಯುವ ಅಸೆಲಿನಳ ವಂದನೆ.

ನಿಮ್ಮ ಕಾಗದ ತಲುಪಿತು. ಎರಡು ಸಲ ಓದಿದೆ, ಎರಡನೆಯ ಸಲ ಬರೀ ಖುಷಿಗೆ. ರಾಜರ ಚರಿತ್ರೆಯ ಪುಸ್ತಕದಲ್ಲಿ ಮೊದಲ ಕ್ರೈಸ್ತ ದೊರೆ ದೀಕ್ಷಾಸ್ನಾನ ಪಡೆಯುವ ಚಿತ್ರವಿದೆಯಲ್ಲ, ಅದರಲ್ಲಿ ತೊಟ್ಟಿಯೊಳಗೆ ನಿಂತ ದೊರೆಯ ಮೈ ಹೊಗೆ ಹಿಡಿದಂತಾಗಿದೆ ಎಂದು ಬರೆದಿದ್ದೀರಿ. ಡಚೆಸ್ ಅಮ್ಮನವರು ತುಂಬಿದ ಸಭೆಯಲ್ಲಿ, "ಈ ದೊರೆಗೆ ನೀರು ಹಾಕಿದ್ರೋ, ಮಸಿ ಬಳಿದ್ರೋ?" ಎಂದು ಕೇಳಿದರಂತೆ. ಕ್ರಿಸ್ಮಸ್ಸಿನೊಳಗೆ ಸರಿಮಾಡದಿದ್ದರೆ ಅರಮನೆಯ ಚಿತ್ರಗಾರನೆಂಬ ನಿಮ್ಮ ಕೆಲಸ ಹೋಗುತ್ತದಂತೆ. ಉಪಾಯ ಹೇಳು ಎಂದು ನನ್ನನ್ನು ಬೇಡಿದ್ದೀರಿ.

ಉಪಾಯ ಇಲ್ಲ. ಅದನ್ನು ಮಾಡಿದವಳು ನಾನೇ.

ನಮ್ಮಲ್ಲಿ ಚಿನ್ನದ ಕೆಲಸ ನಿಮ್ಮದು, ಮುಖ ಮೈ ಬರೆಯುವುದು ನನ್ನದು. ನಾನು ಹೆತ್ತ ದಿನ ನೀವು ಅದೇ ಪುಟದಲ್ಲಿ ದೊರೆಯ ತಲೆಯ ಮೇಲೆ ಹಾರುವ ಪಾರಿವಾಳಕ್ಕೆ ಚಿನ್ನದ ರೇಕು ಕೂರಿಸುತ್ತಿದ್ದಿರಿ. ಮಗು ನೀಲಿಗಟ್ಟಿತ್ತು. ಸೂಲಗಿತ್ತಿ ಮಾಹೋ ನನ್ನ ರಕ್ತ ನಿಲ್ಲಿಸುವುದರಲ್ಲಿದ್ದಳು. ಬೀದಿಯ ಕೊನೆಯಲ್ಲೇ ಪಾದ್ರಿಗಳಿದ್ದಾರೆ, ದೀಕ್ಷಾಸ್ನಾನಕ್ಕೆ ಓಡಿ ಕರೆತನ್ನಿ ಎಂದು ಒಳಗಿನಿಂದ ಕೂಗಿದೆ. ನೀವು ರೇಕಿನಡಿಯ ಅಂಟು ಹದವಾಗಲೆಂದು ಮೆಲ್ಲಗೆ ಉಸಿರು ಬಿಡುತ್ತಾ ಹೇಳಿದಿರಿ: "ಸ್ವಲ್ಪ ತಡ್ಕೊ ಅಸೆಲಿನ್. ಈಗ ಎದ್ರೆ ರೇಕು ಹಿಡಿಯಲ್ಲ."

ರೇಕು ಹಿಡಿಯಿತು. ಮಗು ಉಳಿಯಲಿಲ್ಲ. ದೀಕ್ಷಾಸ್ನಾನವಾಗದ ಕೂಸಿಗೆ ಚರ್ಚಿನ ಮಣ್ಣು ಸಿಗಲಿಲ್ಲ, ಗೋಡೆಯಾಚೆ ಮುಳ್ಳುಪೊದೆಯ ಬುಡದಲ್ಲಿ ಮಾಹೋ ಹೂತು ಬಂದಳು ಎಂದು ಸಂಜೆ ನಿಮಗೆ ಹೇಳಿದೆ.

ಆಮೇಲೂ ನಾನು ಸುಮ್ಮನಿರುತ್ತಿದ್ದೆನೇನೋ. ತಿಂಗಳು ಕಳೆದು, ಪುಸ್ತಕ ಬರೆಸುತ್ತಿದ್ದ ಡ್ಯೂಕರ ಮೇಲ್ವಿಚಾರಕರು ಅರೆಬರೆ ಮುಗಿದ ಪುಟ ನೋಡಲು ಬಂದರು. ಈಕೆ ಯಾರು ಎಂದು ನನ್ನತ್ತ ನೋಡಿ ಕೇಳಿದರು. ನೀವು ತಲೆಯೆತ್ತದೆ, "ನನ್ನ ಹೆಂಡ್ತಿ. ಬಣ್ಣ ಅರೀತಾಳೆ, ಅಷ್ಟೇ" ಎಂದಿರಿ.

ಸರಿ, ಅರೆದೆ. ದೊರೆಯ ಮೈಗೆ ಮೊದಲು ಹರಿತಾಳದ ಹಳದಿ, ಅದರ ಮೇಲೆ ಸೀಸದ ಬಿಳಿ. ಅವೆರಡೂ ತಾಗಿದರೆ ದಿನ ಕಳೆದಂತೆ ಕಪ್ಪಾಗುತ್ತವೆ. ಅರೆಯುವವರಿಗೆ ಅದು ಗೊತ್ತು, ನಿಮಗೆ ಗೊತ್ತಿರಲಿಲ್ಲ. ಅಷ್ಟು ಚೆಂದದ ಮೈ ನನ್ನ ಕೈಯಿಂದ ಹಿಂದೆಂದೂ ಬಂದಿರಲಿಲ್ಲ. ಕೆಡುತ್ತದೆಂದು ಗೊತ್ತಿದ್ದೇ ಬರೆದೆ. ನಿಲ್ಲಿಸಲಿಲ್ಲ. ಕೆಳಗೆ ನಿಮ್ಮೊಬ್ಬರದೇ ಹೆಸರು ಬರೆದುಕೊಂಡು, ಪುಸ್ತಕದ ಜೊತೆ ಅರಮನೆಗೆ ಹೊರಟುಹೋದಿರಿ.

ಕೆರೆದು ಮತ್ತೆ ಬರೆಯಲು ಹೋಗಬೇಡಿ, ಪಕ್ಕದ ಚಿನ್ನವೂ ಎದ್ದುಬರುತ್ತದೆ. ಬೇಕಾದರೆ ಈ ಕಾಗದವನ್ನು ಡಚೆಸ್ ಅಮ್ಮನವರಿಗೆ ತೋರಿಸಿ. ಆದರೆ ಆ ದೊರೆಯನ್ನು ಬರೆದವಳು ಹೆಂಡತಿ ಎಂದು ಎಲ್ಲರೆದುರು ಒಪ್ಪಿಕೊಳ್ಳಬೇಕಾಗುತ್ತದೆ.

ಇಂತಿ,
ಅಸೆಲಿನ್, ಚಿತ್ರಗಾರ್ತಿ

ತಾ.ಕ.: ಊರು ಬಿಡುವ ಬೆಳಿಗ್ಗೆ ನೀವು ಮುಳ್ಳುಪೊದೆಯ ಮುಂದೆ ಮಂಡಿಯೂರಿ ಅತ್ತದ್ದನ್ನು ದೂರದಿಂದ ನೋಡಿದೆ. ಅಲ್ಲಿ ಯಾರೂ ಇಲ್ಲ. ಮಗುವಿನ ಉಸಿರು ನಿಲ್ಲುವ ಮೊದಲು ಮಾಹೋ ರಕ್ತದ ಕೈಯಲ್ಲೇ ನೀರು ಸುರಿದು, ಹೇಳಬೇಕಾದ ಮಾತು ಹೇಳಿದ್ದಳು. ಅಂಥ ಹೊತ್ತಿನಲ್ಲಿ ಸೂಲಗಿತ್ತಿ ಕೊಟ್ಟ ದೀಕ್ಷಾಸ್ನಾನವೂ ಸಲ್ಲುತ್ತದೆ ಎಂದು ಪಾದ್ರಿಗಳು ಒಪ್ಪಿದರು. ಮಗಳು ಚರ್ಚಿನ ಗೋಡೆಯ ಒಳಗೇ ಮಲಗಿದ್ದಾಳೆ. ಅವಳಿಗೊಂದು ಹೆಸರಿದೆ. ಅದನ್ನು ನಿಮಗೆ ಹೇಳುವುದಿಲ್ಲ.